ಟೀಚರೇ, ಬಸ್ಸು ಹೋಯ್ತಾ?

ಇದು ನಮ್ಮೂರ ಗ್ರಂಥಾಲಯದಲ್ಲಿ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ, ನಮ್ಮ ಊರುಗಳಲ್ಲಿ ಜಾಗಿಂಗಿಗೆ ದಾರಿ ಹುಡುಕುವ ಬಗ್ಗೆ ನಾನು ಮಾತಾಡಿದ್ದು. ಶುರು ಮಾಡಿ ಹತ್ತು ನಿಮಿಷಕ್ಕೇ ಕರೆಂಟು ಹೋಯಿತು, ಮೈಕು ಬಂದ್. ಹಿಂದೆ ಕೂತವರಿಗೆ ಅರ್ಧ ಕೇಳಲಿಲ್ಲ ಅಂತ ದೂರು ಬಂತು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಅಲ್ಲಿ ಹೇಳಲು ಮರೆತದ್ದನ್ನು ಸೇರಿಸಿದ್ದೇನೆ. ಎರಡು ಜೋಕು ಬಿಟ್ಟಿದ್ದೇನೆ, ಯಾಕೆಂದರೆ ಅದರಲ್ಲಿ ಬರುವವರು ಇದನ್ನೂ ಓದುತ್ತಾರೆ.

ಎಲ್ಲರಿಗೂ ನಮಸ್ಕಾರ. ನನ್ನನ್ನು ಇಲ್ಲಿ ಹೆಚ್ಚಿನವರಿಗೆ ಗಣಿತದ ಟೀಚರಾಗಿ ಗೊತ್ತು. ಕೆಲವರು ನನ್ನಿಂದ ಬೈಸಿಕೊಂಡವರೂ ಇದ್ದೀರಿ, ಹಿಂದಿನ ಸಾಲಿನಲ್ಲಿ ಕಾಣುತ್ತಿದ್ದೀರಿ. ಓಟದ ಬಗ್ಗೆ ಮಾತಾಡಲು ನಾನೇನು ಓಟಗಾರ್ತಿ ಅಲ್ಲ. ಶಾಲೆಯಲ್ಲಿ ಕಲಿಯುವಾಗ ಚಮಚ ಲಿಂಬೆ ಓಟದಲ್ಲಿ ಎರಡನೇ ಬಹುಮಾನ ಬಂದದ್ದು ಬಿಟ್ಟರೆ ಬೇರೆ ದಾಖಲೆ ಇಲ್ಲ. 47ನೇ ವಯಸ್ಸಿನಲ್ಲಿ ಡಾಕ್ಟರು ರಕ್ತದ ರಿಪೋರ್ಟ್ ನೋಡಿ "ಶುಗರ್ ಬಾರ್ಡರಿನಲ್ಲಿ ಉಂಟು ಟೀಚರೇ" ಅಂದರು. ಕಾಸರಗೋಡಿನವರಿಗೆ ಬಾರ್ಡರ್ ಎಂತ ಹೊಸತಾ? 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಅಲ್ಲೇ ಇದ್ದೇವೆ. ಆದರೆ ಈ ಬಾರ್ಡರ್ ದಾಟಿದರೆ ವಾಪಸು ಬರುವುದು ಕಷ್ಟ ಅಂತ ಅವರು ಹೇಳಿದ ಮೇಲೆ ಸ್ವಲ್ಪ ಹೆದರಿಕೆ ಆಯಿತು.

ಮೊದಲ ದಿನ ನಾನು ಓಡಿದ್ದು ಚೆರ್ಕಳ–ಕಲ್ಲಡ್ಕ ರಸ್ತೆಯ ಬದಿಯಲ್ಲಿ. ಬೇರೆ ಎಲ್ಲಿ ಓಡಬೇಕು ಅಂತ ಹೊಳೆಯಲೇ ಇಲ್ಲ. ಓಡುವುದು ಅಂದರೆ ರಸ್ತೆ, ರಸ್ತೆ ಅಂದರೆ ಟಾರು, ಅಷ್ಟೇ ತಲೆಯಲ್ಲಿ ಇದ್ದದ್ದು. ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿ, ಮಗನ ಹಳೆಯ ಶೂ ಹಾಕಿ ಹೊರಟೆ. ಹಿಂದಿನಿಂದ ಜೀಪು ಬಂದು ನಿಂತಿತು. ಡ್ರೈವರಣ್ಣ ತಲೆ ಹೊರಗೆ ಹಾಕಿ ತುಳುವಿನಲ್ಲಿ ಕೇಳಿದ: "ದಾನೆ ಟೀಚರೆ, ಬಸ್ಸು ಪೋಂಡಾ?" ಇಲ್ಲ ಮಾರಾಯ, ಸುಮ್ನೆ ಓಡುವುದು ಅಂತ ಹೇಳಬೇಕಿತ್ತು. ಬಾಯಿಯೇ ಬರಲಿಲ್ಲ. "ಹತ್ತಿ ಟೀಚರೇ, ಬದಿಯಡ್ಕದಲ್ಲಿ ಹಿಡಿಸಿಕೊಡ್ತೇನೆ" ಅಂದ. ನಾಚಿಕೆಯಲ್ಲಿ ಹತ್ತಿಯೇ ಬಿಟ್ಟೆ. ಹಾಗಾಗಿ ನನ್ನ ಮೊದಲ ದಿನದ ಲೆಕ್ಕ ಹೀಗೆ: ಓಡಿದ್ದು 300 ಮೀಟರ್, ಜೀಪಿನಲ್ಲಿ ಹೋದದ್ದು 4 ಕಿಲೋಮೀಟರ್, ವಾಪಸು ಬರಲು ಆಟೋಗೆ ಕೊಟ್ಟದ್ದು ಬೇರೆ.

ಎರಡನೆಯ ದಿನವೇ ನಾನು ಒಳದಾರಿ ಹಿಡಿದೆ. ನಾಚಿಕೆಯಿಂದ ಹಿಡಿದದ್ದು, ಬುದ್ಧಿಯಿಂದ ಅಲ್ಲ. ಆದರೆ ಅಲ್ಲಿ ಹೋದ ಮೇಲೆ ಗೊತ್ತಾಯಿತು, ನಮ್ಮ ಊರುಗಳಲ್ಲಿ ಓಡಲು ದಾರಿ ಯಾರೂ ಮಾಡಿಕೊಡಬೇಕಾಗಿಲ್ಲ. ನೀರು ಮಾಡಿಟ್ಟಿದೆ, ದನ ಮಾಡಿಟ್ಟಿದೆ, ಅಡಿಕೆ ಹೊತ್ತವರು ಮಾಡಿಟ್ಟಿದ್ದಾರೆ. ನಾವು ಬೈಕು ತೆಗೆದ ಮೇಲೆ ಮರೆತಿದ್ದೇವೆ, ಅಷ್ಟೇ.

ಹೊಸ ಜಾಗದಲ್ಲಿ ಜಾಗಿಂಗಿಗೆ ದಾರಿ ಹುಡುಕುವವರು ಈಗ ಫೋನು ನೋಡುತ್ತಾರೆ. ನಮಗೆ ಊರಿನ ಹೆಸರು ನೋಡಿದರೆ ಸಾಕು. ಬೈಲು ಅಂದರೆ ತಗ್ಗು, ಗದ್ದೆ, ನೀರು. ಮಜಲು ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಬೆಟ್ಟು ಇನ್ನೂ ಮೇಲೆ, ಅಲ್ಲಿ ಮಳೆ ನೀರೇ ಗತಿ. ಅಡ್ಕ ಅಂದರೆ ಒಣ ಸಮತಟ್ಟು ನೆಲ. ಪದವು ಅಂದರೆ ಗುಡ್ಡದ ನೆತ್ತಿಯ ಬಯಲು, ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಮುಳಿಹುಲ್ಲು. ಈಗ ನೀವೇ ಹೇಳಿ: ಬದಿಯಡ್ಕ, ಏತಡ್ಕ, ಉಕ್ಕಿನಡ್ಕ, ಧರ್ಮತ್ತಡ್ಕ. ಆಮೇಲೆ ಮೀಯಪದವು, ಬಾಯಾರುಪದವು, ಬೆರಿಪದವು. ಎಷ್ಟು ಹತ್ತಬೇಕು, ಎಲ್ಲಿ ಕೆಸರು ಸಿಗುತ್ತದೆ, ಎಲ್ಲಿ ನೆರಳಿಲ್ಲ, ಎಲ್ಲವೂ ಹೆಸರಿನಲ್ಲೇ ಉಂಟು. ಹೊಸಬರು ಬಂದು "ಇಲ್ಲಿ ಸಮತಟ್ಟು ದಾರಿ ಎಲ್ಲಿದೆ" ಅಂತ ಕೇಳಿದರೆ ನಾನು "ಅಡ್ಕ ಹುಡುಕಿ" ಅಂತೇನೆ. "ಏರು ಬೇಕು" ಅಂದರೆ ಬೈಲಿನಿಂದ ಪದವಿಗೆ ಹತ್ತಿ ಅಂತೇನೆ. ಒಬ್ಬರು ಇದನ್ನು ಕಾಲೇಜಿನ ಪದವಿ ಅಂತ ತಿಳಿದು ಬಹಳ ಗಂಭೀರವಾಗಿ ತಲೆ ಆಡಿಸಿದ್ದರು.

ನನ್ನ ದಾರಿ 4.2 ಕಿಲೋಮೀಟರಿನ ಒಂದು ಸುತ್ತು. ಮನೆ ಇರುವುದು ನಡುವಿನ ಎತ್ತರದಲ್ಲಿ. ಗೇಟು ದಾಟಿದರೆ ಪಂಚಾಯತು ಹಾಕಿದ ಕಾಂಕ್ರೀಟು ರಸ್ತೆ, ಇಳಿಜಾರು. ಎಲ್ಲರೂ ಕಾಂಕ್ರೀಟಿಗೆ ಬೈಯುತ್ತಾರೆ, ಮೊಣಗಂಟು ಹೋಗುತ್ತದೆ ಅಂತ. ನನಗೆ ಅಷ್ಟು ದೂರಿಲ್ಲ. ನೆಲ ಗಟ್ಟಿಯಾದರೆ ನಮ್ಮ ಕಾಲು ತಾನೇ ಸ್ವಲ್ಪ ಜಾಸ್ತಿ ಮಣಿದು ಹೊಂದಿಕೊಳ್ಳುತ್ತದೆ, ಮೆತ್ತಗಾದರೆ ತಾನೇ ಬಿಗಿಯಾಗುತ್ತದೆ. ನನ್ನ ದೂರು ಇರುವುದು ಇಳಿಜಾರಿನ ಮೇಲೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಉದ್ದವಾಗುತ್ತಾ ಭಾರ ತಡೆಯಬೇಕು, ಅದೇ ಅದಕ್ಕೆ ಹೆಚ್ಚು ಪೆಟ್ಟು. ನೋವು ಆ ದಿನ ಬರುವುದಿಲ್ಲ. ಮರುದಿನ, ಅದರ ಮರುದಿನ ಬರುತ್ತದೆ, ಸರೀ ಕ್ಲಾಸಿನ ಮೆಟ್ಟಿಲು ಇಳಿಯುವಾಗ. ಅದಕ್ಕೆ ನಾನು ಈ ಇಳಿತವನ್ನು ಓಡುವುದೇ ಇಲ್ಲ, ಸಣ್ಣ ಹೆಜ್ಜೆಯಲ್ಲಿ ನಡೆಯುತ್ತೇನೆ.

ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. ತೋಡಿನ ಮೇಲೆ ಸಂಕ, ಅಂದರೆ ಕಾಲುಸೇತುವೆ. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಕೈ ಹಿಡಿಯಲು ಒಂದು ಬದಿಗೆ ಬಿದಿರು. ಹೊಸ ಸಂಕ ಹಾಕಿದಾಗ ಮರ ದುಂಡಗೆ ಇರುತ್ತದೆ, ಕಾಲು ಜಾರುತ್ತದೆ. ಒಂದು ವರ್ಷ ಜನ ನಡೆದ ಮೇಲೆ ಮೇಲ್ಭಾಗ ಸವೆದು ಚಪ್ಪಟೆಯಾಗಿ, ನಾರು ಎದ್ದು, ಹಿಡಿತ ಸಿಗುತ್ತದೆ. ಎರಡನೇ ಮಳೆಗಾಲದಲ್ಲಿ ಒಳಗಿಂದ ಕೊಳೆತು ಕುಂಬಾಗುತ್ತದೆ. ಅಂದರೆ ಸಂಕ ಚೆನ್ನಾಗಿರುವುದು ನಡುವಿನ ಕೆಲವು ತಿಂಗಳು ಮಾತ್ರ. ಇದು ನನಗೆ ಹೇಗೆ ಗೊತ್ತು ಅಂದರೆ ಒಂದು ಜುಲೈಯಲ್ಲಿ ಬಲಗಾಲು ಮೊಣಗಂಟಿನವರೆಗೆ ಮರದೊಳಗೆ ಹೋಗಿತ್ತು. ಕಾಲು ಉಳುಕಿ ಮೂರು ವಾರ ಎಣ್ಣೆ ಹಾಕಿ ಕೂತೆ. ಸಂಕ ಕಟ್ಟಿದವರನ್ನು ಬೈಯಲು ಹೋದರೆ, "ಟೀಚರೇ, ಅದು ನಡೆಯಲು ಹಾಕಿದ್ದು, ಕುಣಿಯಲು ಅಲ್ಲ" ಅಂದರು. ಉತ್ತರ ಇರಲಿಲ್ಲ.

ಸಂಕ ದಾಟಿದರೆ ಬೈಲು. ಗದ್ದೆಯ ನಡುವಿನ ಕಟ್ಟಪುಣಿಯ ಮೇಲೆ 600 ಮೀಟರ್ ಓಟ. ಅಗಲ ಒಂದೂವರೆ ಅಡಿ. ಇಲ್ಲಿ ಕಾಲು ಎತ್ತಿ ಎತ್ತಿ ಓಡುವ ಸಿನಿಮಾದ ಓಟ ನಡೆಯುವುದಿಲ್ಲ. ಪಾದ ಒಂದರ ಮುಂದೆ ಒಂದು, ಗಿಡ್ಡ ಹೆಜ್ಜೆ, ಕಣ್ಣು ಮೂರು ಮೀಟರ್ ಮುಂದೆ. ಎದುರಿನಿಂದ ಹುಲ್ಲಿನ ಹೊರೆ ಹೊತ್ತವರು ಬಂದರೆ ನಾವೇ ಗದ್ದೆಗೆ ಇಳಿಯಬೇಕು. ಅವರಿಗೆ ಹೊರೆಯಿಂದ ನಾವು ಕಾಣುವುದೂ ಇಲ್ಲ. ಇಳಿದರೆ ಕೆಸರು. ಕಾಲಿನಲ್ಲಿ ಗಾಯ ಇದ್ದರೆ ಮಳೆಗಾಲದಲ್ಲಿ ಹಾಗೆ ಇಳಿಯಬೇಡಿ. ಇಲಿ ಜ್ವರ ಬರುವುದು ಅಂಥ ನೀರಿನಿಂದಲೇ, ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕ ಒಳಗೆ ಹೋಗಿ. ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಬೈಲಿನ ಆಚೆ ಅಡಿಕೆ ತೋಟದ ಅಂಚು, ಅಲ್ಲಿ ಗುಡ್ಡದ ಬದಿಗೆ ಒಂದು ಸುರಂಗ. ನೋಡದವರಿಗೆ ಹೇಳುತ್ತೇನೆ, ಇದು ರೈಲಿನ ಸುರಂಗ ಅಲ್ಲ, ನೀರಿನದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಪಿಕ್ಕಾಸಿನಲ್ಲಿ ಕೊರೆದದ್ದು. ಒಬ್ಬ ಮನುಷ್ಯ ನಿಂತು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಕೊರೆಯುವವರು ಒಳಗೆ ಮೇಣದ ಬತ್ತಿ ಉರಿಸಿಕೊಂಡು ಹೋಗುತ್ತಿದ್ದರು. ಬತ್ತಿ ಆರಿದರೆ ಉಸಿರಿಗೆ ಗಾಳಿ ಇಲ್ಲ ಅಂತ ಲೆಕ್ಕ, ಹೊರಗೆ ಬರಬೇಕು. ಕಲ್ಲಿನ ಬಿರುಕಿನಿಂದ ಜಿನುಗಿದ ನೀರು ತಾನೇ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನನ್ನ ದಾರಿಯ ಸುರಂಗದ ಬಾಯಿಗೆ ಒಂದು ಪಿವಿಸಿ ಪೈಪು ಇಟ್ಟಿದ್ದಾರೆ, ಅದರಿಂದ ಬೆರಳಿನಷ್ಟು ದಪ್ಪ ನೀರು ಸಣ್ಣ ಟಾಂಕಿಗೆ ಬೀಳುತ್ತದೆ. ಏಪ್ರಿಲಿನಲ್ಲಿ ಅದು ನೂಲಿನಷ್ಟಾಗುತ್ತದೆ. ಆದರೂ ಬೀಳುತ್ತದೆ. ಬಾಯಿಗೆ ಮುಖ ಒಡ್ಡಿದರೆ ಒಳಗಿಂದ ತಣ್ಣಗಿನ ಗಾಳಿ, ಬಾವಲಿಯ ವಾಸನೆ. ನಾನು ಇಲ್ಲಿ ಎರಡು ನಿಮಿಷ ನಿಲ್ಲುತ್ತೇನೆ. ಜಾಗಿಂಗ್ ಮಧ್ಯೆ ನಿಲ್ಲಬಾರದು ಅಂತ ಯಾರಾದರೂ ಹೇಳಿದರೆ ಅವರಿಗೆ ದಾರಿಯಲ್ಲಿ ಸುರಂಗ ಇಲ್ಲ ಅಂತ ತಿಳಿದುಕೊಳ್ಳಿ.

ಆಮೇಲೆ ಏರು. ಗೇರುಮರ, ಕೇಪಳದ ಪೊದೆ, ಕುಂಟಾಲ. ಒಂದು ತಡಮೆ, ಅಂದರೆ ಅಡ್ಡ ಕೋಲುಗಳ ಬೇಲಿಬಾಗಿಲು, ದಾಟಬೇಕು. ಮೇಲೆ ಬಂದರೆ ಪದವು. ಒಮ್ಮೆಲೇ ಆಕಾಶ ದೊಡ್ಡದಾಗುತ್ತದೆ. ಮುರಕಲ್ಲಿನ ಬಗ್ಗೆ ಒಂದು ಮಾತು. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಬಂದದ್ದು ನಮ್ಮ ರಾಜ್ಯದಿಂದಲೇ. ಫ್ರಾನ್ಸಿಸ್ ಬುಕಾನನ್ ಮಲಪ್ಪುರದ ಅಂಗಾಡಿಪುರಂ ಕಡೆಯಲ್ಲಿ ಜನ ಇದನ್ನು ಇಟ್ಟಿಗೆ ಹಾಗೆ ಕಡಿದು ತೆಗೆಯುವುದನ್ನು ನೋಡಿ, 1807ರ ತನ್ನ ಬರಹದಲ್ಲಿ ಲ್ಯಾಟಿನಿನ ಇಟ್ಟಿಗೆ ಎಂಬ ಶಬ್ದದಿಂದ ಹೆಸರಿಟ್ಟ. ಒಳಗೆ ಇರುವಾಗ ಮೆತ್ತಗೆ, ಗಾಳಿ ತಾಗಿದರೆ ಗಟ್ಟಿ. ನಮ್ಮ ಹಳೆಯ ಹೆಡ್ಮಾಸ್ಟರರ ಹಾಗಲ್ಲ, ಅವರು ಎರಡೂ ಕಡೆ ಗಟ್ಟಿ ಇದ್ದರು. ಓಡುವವರಿಗೆ ಮುಖ್ಯವಾದದ್ದು ಏನೆಂದರೆ ಪದವಿನ ಮೇಲೆ ಎರಡು ನಮೂನೆಯ ನೆಲ ಉಂಟು. ಬರಿಯ ಪಾದೆಕಲ್ಲು, ಅದು ತೂತು ತೂತು, ಆದರೆ ಹಿಡಿತ ಕೊಡುತ್ತದೆ. ಇನ್ನೊಂದು ಕಲ್ಲಿನ ಮೇಲೆ ಹರಳು ಚೆಲ್ಲಿದ ಜಾಗ, ಅದು ಕಾಲಿನಡಿ ಕಡಲೆ ಚೆಲ್ಲಿದ ಹಾಗೆ. ಮೊದಲನೆಯದರಲ್ಲಿ ಓಡಿ, ಎರಡನೆಯದರಲ್ಲಿ ನಡೆಯಿರಿ.

ಓಣಂ ಹೊತ್ತಿಗೆ ಪದವಿಗೆ ಬನ್ನಿ, ಓಡಲು ಅಲ್ಲದಿದ್ದರೂ. ನೀರು ನಿಂತ ಕಲ್ಲಿನ ಮೇಲೆ ನೀಲಿ ಸಣ್ಣ ಹೂ ಹಾಸಿಕೊಂಡಿರುತ್ತದೆ. ಮಲಯಾಳದಲ್ಲಿ ಕಾಕ್ಕಪ್ಪೂವ್ ಅಂತಾರೆ. ನೋಡಲು ಪಾಪದ ಹೂ, ಆದರೆ ಕೆಸರಿನೊಳಗೆ ಅದರ ಸಣ್ಣ ಸಣ್ಣ ಚೀಲಗಳು ಹುಳ ಹಿಡಿದು ತಿನ್ನುತ್ತವೆ. ಮಕ್ಕಳು ಪೂಕ್ಕಳಕ್ಕೆ, ಅಂದರೆ ಓಣಂನ ಹೂವಿನ ರಂಗೋಲಿಗೆ, ಕೊಯ್ಯಲು ಬರುತ್ತಾರೆ. ಆ ಎರಡು ವಾರ ನಾನು ಪದವಿನ ಅಂಚಿನಲ್ಲೇ ಓಡುತ್ತೇನೆ, ಹೂ ಮೆಟ್ಟಬಾರದು ಅಂತ. ನವೆಂಬರಿನ ನಂತರ ಅದೇ ಜಾಗದಲ್ಲಿ ಮುಳಿಹುಲ್ಲು ಒಣಗಿ ಸೊಂಟದವರೆಗೆ ನಿಲ್ಲುತ್ತದೆ, ಕಾಸರಗೋಡು ಗಿಡ್ಡ ದನಗಳು ಅದರೊಳಗೆ ಕಾಣುವುದೇ ಇಲ್ಲ, ಗಂಟೆ ಮಾತ್ರ ಕೇಳುತ್ತದೆ.

ಈಗ ವೇಗದ ವಿಚಾರ. ಜಾಗಿಂಗ್ ಅಂದರೆ ನಿಧಾನ ಓಟ, ಇದು ಶಬ್ದದಲ್ಲೇ ಇದೆ, ಆದರೆ ಯಾರೂ ನಂಬುವುದಿಲ್ಲ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬ ಕೋಚ್ ಇದ್ದ. ಒಲಿಂಪಿಕ್ಸ್ ಚಿನ್ನ ಗೆದ್ದವರಿಗೆ ಕಲಿಸಿದವನು. ಅವನೇ ಊರಿನ ವಯಸ್ಸಾದವರನ್ನು, ಹೃದಯದ ತೊಂದರೆ ಇದ್ದವರನ್ನು ಸೇರಿಸಿ ನಿಧಾನ ಓಡಿಸಲು ಶುರು ಮಾಡಿದ. 1962ರ ಕೊನೆಗೆ ಅಮೆರಿಕದ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದ. ಆಗ ಅವನಿಗೆ 51 ವಯಸ್ಸು. ನಾನು ಕೋಚ್, ನನಗೆಂತ ಅಂತ ಆ ಗುಂಪಿನ ಜೊತೆ ಓಡಿದ, ಎಪ್ಪತ್ತು ದಾಟಿದ ಒಬ್ಬ ಅಜ್ಜ ಅವನನ್ನು ಹಿಂದೆ ಹಾಕಿದ. ಹಾಕಿದ್ದಲ್ಲದೆ ಜೊತೆಗೆ ಬಂದು ಮಾತಾಡಿಸುತ್ತಿದ್ದನಂತೆ. ಬೋವರ್‌ಮನ್ ಊರಿಗೆ ಹೋಗಿ ಇದನ್ನೇ ಅಲ್ಲಿ ಹಬ್ಬಿಸಿದ, ಒಬ್ಬ ಡಾಕ್ಟರ ಜೊತೆ ಸೇರಿ ಪುಸ್ತಕವನ್ನೂ ಬರೆದ. ನೈಕಿ ಕಂಪೆನಿ ಕಟ್ಟಿದ ಇಬ್ಬರಲ್ಲಿ ಅವನೂ ಒಬ್ಬ. ಅಂದರೆ ನಿಮ್ಮ ಮಕ್ಕಳು ಹಟ ಹಿಡಿದು ತೆಗೆಸುವ ಶೂವಿನ ಹಿಂದೆ ಆ ಅಜ್ಜನಿಗೂ ಒಂದು ಪಾಲು ಉಂಟು.

ಆ ಅಜ್ಜನ ಗುಟ್ಟು ಎಂತದೆಂದರೆ ಮಾತಾಡಲು ಆಗುವಷ್ಟೇ ವೇಗದಲ್ಲಿ ಓಡುವುದು. ನಾನು ಒಬ್ಬಳೇ ಓಡುವವಳು, ಯಾರ ಹತ್ತಿರ ಮಾತಾಡಲಿ? ಅದಕ್ಕೆ 13ರ ಮಗ್ಗಿ ಹೇಳುತ್ತೇನೆ. ಹದಿಮೂರೊಂದಲ ಹದಿಮೂರು, ಹದಿಮೂರೆರಡಲ ಇಪ್ಪತ್ತಾರು. ಒಂದೊಂದು ಸಾಲೂ ಒಂದೇ ಉಸಿರಿನಲ್ಲಿ ಬಂದರೆ ವೇಗ ಸರಿ. ಸಾಲಿನ ಮಧ್ಯೆ ಉಸಿರು ಕಡಿದರೆ ಜಾಸ್ತಿ ಆಯಿತು, ನಡೆಯಬೇಕು. ಮಗ್ಗಿಯನ್ನು ರಾಗದಲ್ಲಿ ಹಾಡಲು ಆಗುತ್ತಿದ್ದರೆ ಇನ್ನೂ ಸ್ವಲ್ಪ ಓಡಬಹುದು. ತೋಟದಲ್ಲಿ ಕೆಲಸಕ್ಕೆ ಬಂದವರು ಇದನ್ನು ಕೇಳಿ "ಟೀಚರಿಗೆ ಶಾಲೆ ತಲೆಗೆ ಹತ್ತಿದೆ" ಅಂತ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಇರಲಿ. ಓಟ, ನಡಿಗೆ, ಮತ್ತೆ ಓಟ, ಹೀಗೆ ಬೆರೆಸಿದರೂ ಏನೂ ಕಡಿಮೆಯಲ್ಲ. ಜೆಫ್ ಗ್ಯಾಲೋವೇ ಅಂತ 1972ರ ಒಲಿಂಪಿಕ್ಸಿನಲ್ಲಿ ಓಡಿದವನೇ ಇದನ್ನು ಎಷ್ಟೋ ಜನರಿಗೆ ಕಲಿಸಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹದವಾದ ಶ್ರಮ, ಅಥವಾ 75 ನಿಮಿಷ ಜೋರಿನ ಶ್ರಮ ಬೇಕು ಅನ್ನುತ್ತದೆ. ನನ್ನ ಸುತ್ತಿಗೆ 40 ನಿಮಿಷ. ವಾರಕ್ಕೆ 4 ದಿನ ಅಂದರೆ 160. ಹತ್ತು ನಿಮಿಷ ಬಡ್ಡಿ.

ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಅಳಿಯ ಬಂದಿದ್ದ, ಅಂದರೆ ಅಣ್ಣನ ಮಗ. ಕೈಗೆ ಗಡಿಯಾರ, ಅದು ಎದೆಬಡಿತ ಎಣಿಸುತ್ತದೆ. "ಅತ್ತೆ, ನಿಮ್ಮ ದಾರಿ ನಾಲ್ಕೇ ಕಿಲೋಮೀಟರಾ?" ಅಂತ ಕೇಳಿದ. ಮೇ ತಿಂಗಳು, ಬೆಳಿಗ್ಗೆ ಏಳೂವರೆ. ಬೆಂಗಳೂರಿನ ವೇಗದಲ್ಲೇ ಹೊರಟ. ನಾನು ಹಿಂದಿನಿಂದ ಮಗ್ಗಿ ಹೇಳುತ್ತಾ ಹೋದರೆ, ಭಜನಾ ಮಂದಿರದ ಹತ್ತಿರದ ಮೋರಿಯ ಮೇಲೆ ತಲೆ ಕೆಳಗೆ ಹಾಕಿ ಕೂತಿದ್ದಾನೆ. ಅಂಗಿ ಹಿಂಡಿದರೆ ಒಂದು ಚೆಂಬು ನೀರು ಬರುತ್ತಿತ್ತು. ಪಾಪ, ತಪ್ಪು ಅವನ ಕಾಲಿನದ್ದಲ್ಲ. ಬೆವರು ಹರಿದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುವುದು. ನಮ್ಮ ಕರಾವಳಿ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಬೆವರು ಆರಲು ಜಾಗವೇ ಇಲ್ಲ. ಮೈ ಈ ಸೆಕೆಗೆ ಹೊಂದಿಕೊಳ್ಳಲು ಹತ್ತು ಹದಿನಾಲ್ಕು ದಿನ ಬೇಕು. ಅವನ ರಜೆ ಇದ್ದದ್ದು ಆರು ದಿನ.

ಮನೆಗೆ ಕರೆದುಕೊಂಡು ಹೋಗಿ ಎಳನೀರು ಕೊಡೋಣ ಅಂತ ಹೊರಟರೆ ನನ್ನ ಅತ್ತೆ ಗಂಜಿ ತಿಳಿಗೆ ಉಪ್ಪು ಹಾಕಿ ತಂದು, ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟರು. ಅವರು ಹೇಳಿದ್ದೇ ಸರಿ. ಬೆವರಿನಲ್ಲಿ ನೀರಿನ ಜೊತೆ ಹೋಗುವುದು ಮುಖ್ಯವಾಗಿ ಉಪ್ಪು. ಎಳನೀರಿನಲ್ಲಿ ಪೊಟ್ಯಾಸಿಯಂ ಬೇಕಾದಷ್ಟು ಉಂಟು, ಸೋಡಿಯಂ ಕಡಿಮೆ. ಉಪ್ಪು ಹಾಕಿದ ಗಂಜಿ ಆ ಲೆಕ್ಕ ತುಂಬುತ್ತದೆ. ರಕ್ತದೊತ್ತಡ ಇರುವವರು ಇದನ್ನು ಕೇಳಿ ನಾಳೆಯಿಂದ ಉಪ್ಪಿನಕಾಯಿ ಭರಣಿಗೆ ಕೈ ಹಾಕಬೇಡಿ, ಅದು ಬೇರೆ ಲೆಕ್ಕ.

ತಿಂಗಳು ಬದಲಾದ ಹಾಗೆ ದಾರಿ ಬದಲಾಗಬೇಕು. ವರ್ಷವಿಡೀ ಒಂದೇ ದಾರಿ ಅನ್ನುವುದು ಪೇಟೆಯ ಪಾರ್ಕಿನಲ್ಲಿ ನಡೆಯುತ್ತದೆ, ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ಜೂನ್ ಬಂದರೆ ನೆರಳಿನ ಕಾಂಕ್ರೀಟು ಹಸಿರಾಗುತ್ತದೆ, ಪಾಚಿ. ಆಗ ನಾನು ಸಂಕ, ಬೈಲು ಬಿಟ್ಟು ಪದವಿನ ಮೇಲೆಯೇ ಸುತ್ತುತ್ತೇನೆ, ಅಲ್ಲಿ ನೀರು ನಿಂತರೂ ಜಾರುವುದು ಕಡಿಮೆ. ಮಳೆ ಬಿಟ್ಟ ಬಿಸಿಲಿನ ದಿನ ತೋಟದ ದಾರಿ ಹಿಡಿಯುವ ಮೊದಲು ಮೇಲೆ ನೋಡಿ. ಅಡಿಕೆಗೆ ಮದ್ದು ಬಿಡುವುದು ಅಂಥ ದಿನವೇ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ನಾನು ಒಮ್ಮೆ ಮಗ್ಗಿ ಹೇಳುತ್ತಾ ಸೀದಾ ಅದರಡಿಗೇ ಹೋದೆ. ಮನೆಗೆ ಬರುವಾಗ ತಲೆಯಿಂದ ಭುಜದವರೆಗೆ ನೀಲಿ ಚುಕ್ಕೆ. ಆ ಅಂಗಿ ಈಗಲೂ ಹಾಗೇ ಉಂಟು.

ಶೂ ಒಣಗಿಸುವುದು ಮಳೆಗಾಲದ ದೊಡ್ಡ ಕಷ್ಟ. ಪೇಪರು ತುರುಕಿಸಿ ಇಡಿ, ಎರಡು ಗಂಟೆಗೊಮ್ಮೆ ಪೇಪರು ಬದಲಿಸಿ. ನಾನು ಅಡಿಗೆ ಮನೆಯ ಒಲೆಯ ಹತ್ತಿರ ಇಟ್ಟದ್ದಕ್ಕೆ ಅತ್ತೆ ಒಂದು ದಿನ ಮಾತು ಬಿಟ್ಟರು. ಕೊನೆಗೆ ಬಚ್ಚಲ ಒಲೆಯ ಬದಿಯಲ್ಲಿ ಜಾಗ ಸಿಕ್ಕಿತು. ಹೆಚ್ಚು ಹತ್ತಿರ ಇಟ್ಟರೆ ಅಡಿಯ ಅಂಟು ಬಿಡುತ್ತದೆ, ಒಂದು ಜೊತೆ ಹೋಗಿದೆ.

ಅಕ್ಟೋಬರ್, ನವೆಂಬರಿನಲ್ಲಿ ಸಂಜೆ ಓಡುವವರು ಪದವಿಗೆ ಹೋಗಬೇಡಿ. ತುಲಾ ಮಾಸದ ಮಳೆ ಮಧ್ಯಾಹ್ನದ ಮೇಲೆ ಸಿಡಿಲು ಹೊತ್ತುಕೊಂಡೇ ಬರುತ್ತದೆ, ಪದವಿನ ಮೇಲೆ ಎತ್ತರದ ವಸ್ತು ಅಂದರೆ ನೀವೇ. ಮಿಂಚಿದ ಮೇಲೆ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗಿದರೆ 10 ಕಿಲೋಮೀಟರಿನೊಳಗೆ ಉಂಟು ಅಂತ. ಇಳಿದು ಮನೆಯೊಳಗೆ ಹೋಗಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ. ಒಂಟಿ ಮರದಡಿ ನಿಲ್ಲುವುದಂತೂ ಬೇಡವೇ ಬೇಡ.

ಮುಂದಿನದು ಹೆಂಗಸರಿಗೆ. ಗಂಡಸರೂ ಕೇಳಬಹುದು. ಯಾರೂ ಇಲ್ಲದ ದಾರಿ ಚಂದ ಅಂತ ಪೇಟೆಯವರು ಹೇಳುತ್ತಾರೆ. ನನಗೆ ಜನ ಇರುವ ದಾರಿಯೇ ಬೇಕು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು 6.50ರ ಹೊತ್ತಿಗೆ, ಶಾಲೆಗೆ ಹೋಗುವವಳು ಅದಕ್ಕೆ ಕಾದರೆ ಆಗುವುದಿಲ್ಲ. ಕತ್ತಲೆ ಇರುವಾಗಲೇ ರಬ್ಬರು ಟ್ಯಾಪಿಂಗಿನವರು ತಲೆಗೆ ಲೈಟು ಕಟ್ಟಿ ತೋಟದಲ್ಲಿ ಇರುತ್ತಾರೆ, ತಂಪು ಹೊತ್ತಿನಲ್ಲಿ ರಬ್ಬರಿನ ಹಾಲು ಚೆನ್ನಾಗಿ ಇಳಿಯುತ್ತದೆ ಅಂತ. ಆರು ಗಂಟೆ ಆದರೆ ಸೊಸೈಟಿಗೆ ಹಾಲು ಕೊಂಡುಹೋಗುವವರು ಕ್ಯಾನು ಹಿಡಿದು ಹೊರಡುತ್ತಾರೆ. ನನ್ನ ಹೊತ್ತನ್ನು ಹಾಲಿನ ಹೊತ್ತಿಗೆ ಹೊಂದಿಸಿದ್ದೇನೆ. ದಾರಿಯುದ್ದಕ್ಕೂ ಯಾರಾದರೂ ಒಬ್ಬರು ಸಿಗುತ್ತಾರೆ, ಒಬ್ಬರಿಗೆ ತುಳು, ಒಬ್ಬರಿಗೆ ಮಲಯಾಳ, ಒಬ್ಬರಿಗೆ ಹವ್ಯಕ, ಒಬ್ಬರಿಗೆ ಬ್ಯಾರಿ. ನಾನು ಒಂದು ದಿನ ಬರದಿದ್ದರೆ ಮರುದಿನ "ಎಂತ ಟೀಚರೇ, ಹುಷಾರಿಲ್ಲವಾ?" ಅಂತ ನಾಲ್ಕು ಭಾಷೆಯಲ್ಲಿ ಕೇಳುತ್ತಾರೆ.

ಮೊದಲ ಎರಡು ತಿಂಗಳು ಇದೇ ಜನ ನಗಾಡಿದ್ದೂ ಹೌದು. ಆಗ ನಾನು ಮನಸ್ಸಿನಲ್ಲಿ ಪಿ.ಟಿ. ಉಷಾ ಅವರನ್ನು ನೆನಪು ಮಾಡುತ್ತಿದ್ದೆ. ಪಯ್ಯೋಳಿಯ ಕಡಲ ಕರೆಯಲ್ಲಿ ಓಡಿ ಕಲಿತವರು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಕಂಚು ತಪ್ಪಿತು. ಅವರನ್ನೂ ಊರವರು ಮೊದಲು ನೋಡಿ ನಿಂತಿರಬೇಕು, ಅಲ್ವಾ?

ನಾಯಿಗಳ ವಿಚಾರ ಎಲ್ಲರೂ ಕೇಳುತ್ತಾರೆ. ನನ್ನ ದಾರಿಯಲ್ಲಿ ಏಳು ನಾಯಿ. ಆರಕ್ಕೆ ನನ್ನ ಪರಿಚಯ ಉಂಟು. ಏಳನೆಯದು ಟೈಗರ್, ಅದಕ್ಕೆ ನಾನು ನಡೆದರೆ ತೊಂದರೆ ಇಲ್ಲ, ಓಡಿದರೆ ಮಾತ್ರ ಕೋಪ. ಹಾಗಾಗಿ ಅದರ ಮನೆಯ ಎದುರು 50 ಮೀಟರ್ ನಾನು ಮರ್ಯಾದೆಯಿಂದ ನಡೆಯುತ್ತೇನೆ. ಹಾವಿಗೆ ಹೆದರುವವರು ಕತ್ತಲೆಯಲ್ಲಿ ಲೈಟು ಹಿಡಿಯಿರಿ, ತರಗೆಲೆ ರಾಶಿಯ ಮೇಲೆ ಕಾಲಿಡಬೇಡಿ. ಕೊಳಕುಮಂಡಲ ತರಗೆಲೆಯ ಬಣ್ಣದಲ್ಲೇ ಇರುತ್ತದೆ, ಸದ್ದಿಗೆ ಓಡಿಹೋಗುವ ಜಾತಿಯೂ ಅಲ್ಲ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ, ಸೀದಾ ಆಸ್ಪತ್ರೆ.

ಇನ್ನೊಬ್ಬರ ಜಾಗದಲ್ಲಿ ಓಡುವಾಗ ಮೊದಲ ದಿನವೇ ಮನೆಗೆ ಹೋಗಿ ಕೇಳಿ. 1882ರ ಈಸ್‌ಮೆಂಟ್ ಕಾಯಿದೆಯಲ್ಲಿ 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ನಡೆದ ದಾರಿಗೆ ಹಕ್ಕು ಬರುತ್ತದೆ ಅಂತ ಉಂಟು. ಅದನ್ನು ಬಾಯಿಗೆ ತರಬೇಡಿ ಮಾರಾಯ್ರೆ. ಕಾನೂನು ಹೇಳಿದವರ ಎದುರು ಮರುದಿನವೇ ಮುಳ್ಳುತಂತಿ ಬಂದದ್ದನ್ನು ನಾನು ನೋಡಿದ್ದೇನೆ. ತಡಮೆ ತೆಗೆದರೆ ಹಾಕಿ ಹೋಗಿ, ಬಿದ್ದ ಅಡಿಕೆ ಕಂಡರೆ ಹೆಕ್ಕಿ ಬದಿಗಿಡಿ, ಸಾಕು.

ನಮ್ಮ ಊರು ಬಿಟ್ಟು ಬೇರೆ ದಾರಿಗಳು ಬೇಕು ಅಂತ ಕೇಳಿದ್ದೀರಿ. ಕುಂಬಳೆ ಹತ್ತಿರ ಅನಂತಪುರದ ಕೆರೆ ದೇವಸ್ಥಾನದ ಸುತ್ತಿನ ಮುರಕಲ್ಲು ಬಯಲು ಬಹಳ ಒಳ್ಳೆಯದು, ಬೆಳಗ್ಗೆ ಮಾತ್ರ, ನೆರಳೇ ಇಲ್ಲ. ಅಲ್ಲಿಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು, ಆ ವಾರ ಅಲ್ಲಿ ಓಡಿದವರು ಯಾರೂ ಇರಲಿಕ್ಕಿಲ್ಲ, ಊರಿಗೆ ಊರೇ ನೋಡಲು ಹೋಗಿತ್ತು. ಮಧೂರಿನಲ್ಲಿ ಮಧುವಾಹಿನಿಯ ಬದಿಯ ಗದ್ದೆಗಳ ನಡುವೆ ಸಮತಟ್ಟು ದಾರಿ ಸಿಗುತ್ತದೆ, ಹೊಸಬರಿಗೆ ಅದೇ ಸರಿ. ಸಮುದ್ರ ಬೇಕಾದರೆ ಮಂಜೇಶ್ವರದ ಕಣ್ವತೀರ್ಥ, ಇಲ್ಲವೇ ಬೇಕಲ. ಇಳಿತದ ಹೊತ್ತು ನೋಡಿ ಹೋಗಿ, ಒದ್ದೆ ಮರಳು ಗಟ್ಟಿ ಇರುತ್ತದೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಕಡಲ ಕರೆ ಓರೆ ಇರುವುದರಿಂದ ಹೋದ ದಾರಿಯಲ್ಲೇ ವಾಪಸು ಬನ್ನಿ, ಇಲ್ಲದಿದ್ದರೆ ಒಂದೇ ಕಾಲಿಗೆ ಭಾರ. ಪೊಸಡಿ ಗುಂಪೆ ಹತ್ತಲು ಚಂದ, ಓಡಲು ಅಲ್ಲ. ನಂದಾರಪದವಿನಿಂದ ಶುರುವಾಗುವ ಮಲೆನಾಡು ಹೆದ್ದಾರಿ ನುಣ್ಣಗೆ ಅಗಲಕ್ಕೆ ಇದೆ, ಆಸೆ ಹುಟ್ಟಿಸುತ್ತದೆ, ಆದರೆ ಗಾಡಿಗಳಿಗೂ ಅದೇ ಆಸೆ.

ಕೊನೆಗೆ ಪ್ರಶ್ನೆಗೆ ಸಮಯ ಕೊಟ್ಟಾಗ ಮುಂದಿನ ಸಾಲಿನಿಂದ ಒಬ್ಬರು ಹಿರಿಯರು ಎದ್ದರು. ಮೊಣಗಂಟಿನ ಬಗ್ಗೆ ಕೇಳುತ್ತಾರೆ ಅಂತ ತಿಳಿದೆ. ಅವರು ಕೇಳಿದ್ದು ಬೇರೆ: "ಟೀಚರೇ, ನೀವು ತೋಡಿನ ಕೆಳಗಡೆ ಕಲ್ಲು ದಾಟಿಯೂ ಹೋಗ್ತೀರಲ್ಲ, ಕಟ್ಟ ಹಾಕಿದ ಮೇಲೆ ಎಲ್ಲಿಂದ ಹೋಗ್ತೀರಿ?" ಕಟ್ಟ ಅಂದರೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಹಾಕುವ ಒಡ್ಡು. ನಾನು ಸಂಕದಿಂದ ಅಂದೆ. "ಸಂಕ ಈ ವರ್ಷ ಕುಂಬು" ಅಂದರು. ಕಟ್ಟ ಹಾಕುವ ಗುಂಪಿನಲ್ಲಿ ಅವರೂ ಇದ್ದಾರೆ. ಮೇಲಿನ ಗದ್ದೆಯವರ ಅಂಗಳದಿಂದ ಒಂದು ಹಳೆಯ ದಾರಿ ಉಂಟಂತೆ, ಅವರ ಅಮ್ಮ ಅದರಲ್ಲೇ ಗಿರಣಿಗೆ ಭತ್ತ ಹೊತ್ತು ಹೋಗುತ್ತಿದ್ದರಂತೆ. ಆ ಮನೆಯವರಿಗೆ ಅವರೇ ಹೇಳಿ ಇಡುತ್ತೇನೆ ಅಂದರು.

ಇದನ್ನು ಬರೆಯುವಾಗ ಕಟ್ಟ ಹಾಕಿ ನಾಲ್ಕು ದಿನ ಆಯಿತು. ಕಲ್ಲುಗಳು ಮುಳುಗಿವೆ, ನೀರು ಸಂಕದ ಒಂದು ಗೇಣು ಕೆಳಗೆ ನಿಂತಿದೆ. ಹೊಸ ದಾರಿಯಲ್ಲಿ ಸುತ್ತು 4.6 ಕಿಲೋಮೀಟರ್ ಆಗುತ್ತದೆ. ನಾಯಿ ಎಂಟು.